ಬಿಡಿಬಿಡಿಯಾಗಿ ಬಂದ ಗಾಡಿ

ಹಳೆಯ ವಸ್ತುಗಳಲ್ಲಿ ಎರಡು ಬಗೆ. ಒರಳುಕಲ್ಲು, ಹಿತ್ತಾಳೆಯ ಹಂಡೆ, ತಾತಂದಿರ ಕೈಗೋಲು ಮೊದಲಾದುವು ಮನೆಯ ಮೂಲೆಯಲ್ಲಿ ಕುಳಿತಿದ್ದರೂ ಅವುಗಳ ಗೌರವಕ್ಕೆ ಕುಂದಿಲ್ಲ. ಅವುಗಳಿಂದ ಯಾರಿಗೂ ಅಪಾಯವೂ ಇಲ್ಲ. ಗಂಟೆಗೆ ನೂರು ಮೈಲಿಗೂ ಮಿಗಿಲಾದ ವೇಗದಿಂದ ಓಡಲೆಂದು ಮಾಡಿದ ಮೋಟಾರು ಗಾಡಿಯು ಹಾಗಲ್ಲ. ನಿಲ್ಲಿಸಿಯೇ ಇಟ್ಟರೆ ಅದು ಗಾಡಿಯೇ ಅಲ್ಲ. ಓಡಿಸಿದರೋ, ಅರ್ಧ ಶತಮಾನದ ಹಿಂದೆ ಯಾರೋ ಬಿಗಿದ ಬೋಲ್ಟುಗಳನ್ನು ನೆಚ್ಚಿಕೊಂಡು ಅದರೊಳಗೆ ನಮ್ಮವರನ್ನು ಕೂರಿಸಬೇಕಾಗುತ್ತದೆ. ಈ ವಿಷಯವಾಗಿ ನಮ್ಮ ಮನೆಯಲ್ಲಿ ನಾಲ್ಕು ವರ್ಷಗಳ ಕಾಲ ನಡೆದ ಕೆಲಸವನ್ನೂ ವಾದವನ್ನೂ ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ. ಯಂತ್ರಗಳಲ್ಲಿ ಆಸಕ್ತಿಯಿಲ್ಲದ ಗೃಹಿಣಿಯರು ಪುಟವನ್ನು ಮಗುಚಿಬಿಡಬಾರದೆಂದು ಬೇಡಿಕೊಳ್ಳುತ್ತೇವೆ. ಏಕೆಂದರೆ ಇದರಲ್ಲಿ ಮುಖ್ಯವಾದ ತೀರ್ಮಾನವನ್ನು ಮಾಡಿದವರು ಒಬ್ಬ ಗೃಹಿಣಿಯೇ.

ನಾವಿರುವುದು ಇಂಗ್ಲೆಂಡಿನ ಪೂರ್ವ ಭಾಗದಲ್ಲಿರುವ ನಾರ್ಫೋಕ್ ಸೀಮೆಯ ಒಂದು ಸಣ್ಣ ಊರಿನಲ್ಲಿ. ಮೈಸೂರನ್ನು ಬಿಟ್ಟು ಇಲ್ಲಿಗೆ ಬಂದು ಇಪ್ಪತ್ತೆಂಟು ವರ್ಷಗಳಾದುವು. ಜೀವನೋಪಾಯಕ್ಕೆ ಔಷಧದಂಗಡಿಯ ಕೆಲಸ. ಯಂತ್ರಶಾಸ್ತ್ರವನ್ನು ನಾವು ಓದಿದವರಲ್ಲ. ಈ ಸೀಮೆಯು ಬಹುಮಟ್ಟಿಗೆ ಸಮತಟ್ಟಾದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊಲಗಳ ನಡುವೆ ಕಟ್ಟಿದ ವಿಮಾನದ ನೆಲೆಗಳು ಅಲ್ಲಲ್ಲಿ ಹಾಳುಬಿದ್ದಿವೆ. ಅಂತಹುದೊಂದು ನೆಲೆಯಿದ್ದ ಹೆಥೆಲ್ ಎಂಬ ಸ್ಥಳಕ್ಕೆ ೧೯೬೬ರಲ್ಲಿ ಕಾಲಿನ್ ಚಾಪ್‌ಮನ್ನನ ಲೋಟಸ್ ಕಾರ್ಖಾನೆಯು ಬಂದು ನೆಲಸಿತು. ಲೋಟಸ್ ಎಂದರೆ ನಮ್ಮ ತಾವರೆಯೇ. ಎಂಜಿನಿನ ಶಕ್ತಿಯನ್ನು ಏರಿಸುತ್ತ ಹೋಗುವುದಕ್ಕಿಂತ ಗಾಡಿಯ ಭಾರವನ್ನು ಇಳಿಸುವುದೇ ವೇಗಕ್ಕೆ ಸರಿಯಾದ ದಾರಿಯೆಂಬುದು ಚಾಪ್‌ಮನ್ನನ ಸಿದ್ಧಾಂತವಾಗಿತ್ತು. ನೀರಿನ ಮೇಲೆ ಹಗುರಾಗಿ ನಿಲ್ಲುವ ಹೂವಿನ ಹೆಸರು ಅಂತಹ ಗಾಡಿಗೆ ಒಪ್ಪುತ್ತದೆ.

ಆ ವರ್ಷದ ಡಿಸೆಂಬರಿನಲ್ಲಿ ಆ ಕಾರ್ಖಾನೆಯು ಯೂರೋಪಾ ಎಂಬ ಹೊಸ ಮಾದರಿಯನ್ನು ಹೊರತಂದಿತು. ಇಬ್ಬರು ಮಾತ್ರ ಕೂರಬಹುದಾದ, ನೆಲದಿಂದ ಮಾಡಿನವರೆಗೆ ಮೂರೂವರೆ ಅಡಿಗಿಂತ ಚೂರೇ ಹೆಚ್ಚಿರುವ, ಏಳುನೂರು ಕಿಲೋಗ್ರಾಂ ತೂಕವೂ ಇಲ್ಲದ ಗಾಡಿಯದು. ಇದರ ವಿಶೇಷವು ಎಂಜಿನು ಇರುವ ಸ್ಥಾನದಲ್ಲಿದೆ. ನಮ್ಮ ಅಂಬಾಸಿಡರಿನಲ್ಲಿದ್ದಂತೆ ಮುಂಗಡೆಯಲ್ಲಿಯೂ ಅಲ್ಲ, ಆಟೋರಿಕ್ಷಾದಲ್ಲಿರುವಂತೆ ತೀರ ಹಿಂಗಡೆಯಲ್ಲಿಯೂ ಅಲ್ಲ. ಕುಳಿತವರ ಬೆನ್ನಿಗೂ ಹಿಂದಿನ ಗಾಲಿಗಳ ಅಚ್ಚಿಗೂ ನಡುವೆ. ಇದರಿಂದಾಗುವ ಲಾಭವನ್ನು ತಿಳಿಯಲು ಗಣಿತ ಬೇಕಾಗಿಲ್ಲ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದವಳು ಓಣಿಯ ತಿರುವಿನಲ್ಲಿ ಸರಕ್ಕನೆ ತಿರುಗಬಲ್ಲಳು. ಅದೇ ಕೊಡವನ್ನು ಕೈಚಾಚಿ ಹಿಡಿದವಳಿಗೆ ತಿರುಗುವುದೂ ಕಷ್ಟ, ತಿರುಗಿದ ಮೇಲೆ ನಿಲ್ಲುವುದೂ ಕಷ್ಟ. ಭಾರವಾದ ಎಂಜಿನು ಗಾಡಿಯ ನಡುವಿಗೆ ಹತ್ತಿರವಾದಷ್ಟೂ ಗಾಡಿಯು ತಿರುವಿನಲ್ಲಿ ಚಾಲಕನ ಕೈಗೆ ಬೇಗ ಒಲಿಯುತ್ತದೆ. ಪಂದ್ಯದ ಗಾಡಿಗಳವರು ಇದನ್ನು ಮೊದಲೇ ಕಂಡುಕೊಂಡಿದ್ದರು. ಸಾಮಾನ್ಯ ಗೃಹಸ್ಥನು ಕೊಳ್ಳಬಹುದಾದ ಬೆಲೆಗೆ ಇದನ್ನು ಬೀದಿಗೆ ತಂದವರಲ್ಲಿ ಲೋಟಸಿನವರು ಮೊದಮೊದಲಿಗರು.

ಎಂಜಿನು ಮಾತ್ರ ಅವರದಲ್ಲ. ಫ್ರಾನ್ಸಿನ ರೆನೋ ಕಂಪೆನಿಯ ೧೬ ಎಂಬ ಮನೆವಾರ್ತೆಯ ಗಾಡಿಯದು, ೧೪೭೦ ಘನ ಸೆಂಟಿಮೀಟರಿನದು. ರೆನೋ ಗಾಡಿಯಲ್ಲಿ ಗೇರುಪೆಟ್ಟಿಗೆಯು ಎಂಜಿನಿನ ಮುಂದಿರುತ್ತದೆ. ಯೂರೋಪಾದಲ್ಲಿ ಇಡಿಯ ಜೋಡಿಯನ್ನೇ ಹಿಂದುಮುಂದಾಗಿ ತಿರುಗಿಸಿ ಕೂರಿಸಿದರು. ಹಾಗೆಯೇ ಬಿಟ್ಟಿದ್ದರೆ ಗಾಡಿಯು ನಾಲ್ಕು ಗೇರುಗಳಲ್ಲಿ ಹಿಂದಕ್ಕೂ ಒಂದೇ ಗೇರಿನಲ್ಲಿ ಮುಂದಕ್ಕೂ ಓಡುತ್ತಿತ್ತು! ಒಳಗಿನ ದೊಡ್ಡ ಹಲ್ಲುಚಕ್ರವನ್ನು ಎದುರು ಪಕ್ಕಕ್ಕೆ ಬದಲಾಯಿಸಿ ಈ ತೊಡಕನ್ನು ಬಿಡಿಸಿದರು. ಗಾಡಿಯ ರೂಪವನ್ನು ಕಲ್ಪಿಸಿದವನು ದಕ್ಷಿಣ ಆಫ್ರಿಕದಿಂದ ಬಂದಿದ್ದ ರಾನ್ ಹಿಕ್‌ಮನ್. ಈತನೇ ಒಮ್ಮೆ ಮನೆಯಲ್ಲಿ ಬಡಗಿಯ ಕೆಲಸ ಮಾಡುತ್ತ, ಆಧಾರಕ್ಕಿಟ್ಟುಕೊಂಡಿದ್ದ ಒಳ್ಳೆಯ ಕುರ್ಚಿಯನ್ನೂ ಗರಗಸದಿಂದ ಕೊಯ್ದು, ಆ ಕಾರಣದಿಂದ ವರ್ಕ್‌ಮೇಟ್ ಎಂಬ ಮಡಚುವ ಮೇಜನ್ನು ಕಂಡುಹಿಡಿದವನು. ಆತನ ಗಾಡಿಯನ್ನು ನಾವು ಬಿಚ್ಚಿ ಜೋಡಿಸಿದುದು ಆತನ ಮೇಜಿನ ಮೇಲೆಯೇ.

ಇನ್ನು ಈ ಗಾಡಿ ಬಿಡಿಬಿಡಿಯಾಗಿ ಬಂದ ಕಾರಣ. ೧೯೪೦ರಿಂದ ಬ್ರಿಟನ್ನಿನಲ್ಲಿ ಕ್ರಯತೆರಿಗೆಯೆಂಬುದೊಂದು ಇದ್ದಿತು. ಮೋಟಾರು ಗಾಡಿಗಳ ಮೇಲೆ ಅದು ಅರುವತ್ತರ ದಶಕದ ಕೊನೆಯ ವೇಳೆಗೆ ಸಗಟು ಬೆಲೆಯ ಮೂರರಲ್ಲೊಂದು ಪಾಲನ್ನೂ ಮೀರಿತು. ಆದರೆ ತೆರಿಗೆಯು ಗಾಡಿಗೆ. ಗಾಡಿಯ ಬಿಡಿ ಭಾಗಗಳಿಗಲ್ಲ. ಆದುದರಿಂದ ಕಾರ್ಖಾನೆಯವರು ಬಣ್ಣ ಹಚ್ಚಿ, ವಯರು ಎಳೆದು, ಒಳಗಿನ ಮೆತ್ತೆ ಹೊದಿಸಿದ ಒಡಲನ್ನೂ, ಎಂಜಿನು, ಗೇರುಪೆಟ್ಟಿಗೆ, ಗಾಲಿ ಮೊದಲಾದುವನ್ನೂ ಬೇರೆಬೇರೆಯಾಗಿ ಕೊಡುತ್ತಿದ್ದರು. ಕೊಂಡವನು ತನ್ನ ಮನೆಯ ಕೊಟ್ಟಿಗೆಯಲ್ಲಿ ತಾನೇ ಜೋಡಿಸಿಕೊಂಡರೆ ಅಷ್ಟು ತೆರಿಗೆ ಉಳಿಯಿತು. ಜೋಡಿಸುವ ಕ್ರಮವನ್ನು ಬರೆದುಕೊಡುವುದಕ್ಕೂ ಕಾನೂನಿನಲ್ಲಿ ಅಡ್ಡಿಯಿದ್ದುದರಿಂದ ಬಿಚ್ಚುವ ಕ್ರಮವನ್ನು ಬರೆದುಕೊಟ್ಟರೆಂದೂ, ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡರೆಂದೂ ಹಳೆಯ ಮಾಲಿಕರು ಹೇಳಿ ನಗುವುದುಂಟು. ಯೂರೋಪಾದ ಎರಡನೆಯ ಮಾದರಿಯು ೧೯೬೮ರಲ್ಲಿ ಸಿದ್ಧವಾಗಿ, ೧೯೬೯ರಲ್ಲಿ ಸ್ವದೇಶದ ಗಿರಾಕಿಗಳ ಕೈಗೆ ಬಂದುದು ಈ ರೂಪದಲ್ಲಿಯೇ. ೧೯೭೩ನೆಯ ಏಪ್ರಿಲ್ ೧ರಂದು ಕ್ರಯತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆಯು ಬಂದಿತು. ಅದು ಬಿಡಿ ಭಾಗಗಳನ್ನೂ ಬಿಡಲಿಲ್ಲ. ಅಲ್ಲಿಗೆ ಈ ಅನುಕೂಲ ತೀರಿತು. ತೆರಿಗೆಯ ಒಂದು ಸಂದಿಯು ಕೆಲವು ವರ್ಷಗಳ ಕಾಲ ಗುಮಾಸ್ತರನ್ನೂ ಉಪಾಧ್ಯಾಯರನ್ನೂ ಮೋಟಾರು ಜೋಡಿಸುವವರನ್ನಾಗಿ ಮಾಡಿತೆಂಬುದು ನಮಗೆ ಇತಿಹಾಸದ ಒಳ್ಳೆಯ ವಿನೋದಗಳಲ್ಲೊಂದಾಗಿ ತೋರುತ್ತದೆ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಹಾಗೆ ಜೋಡಿಸಿದವರೊಬ್ಬರಿದ್ದರು. ಲೇತಿನ ಮೇಲೆ ನಲವತ್ತು ವರ್ಷ ದುಡಿದು ನಿವೃತ್ತರಾದ ವೃದ್ಧರು, ಪತ್ನಿ ತೀರಿಹೋಗಿ ಬಹುಕಾಲವಾಗಿತ್ತು, ಕಣ್ಣು ಮಂದವಾಗುತ್ತಿತ್ತು. ೧೯೮೮ರಿಂದ ಗಾಡಿಯು ಅವರ ಕೊಟ್ಟಿಗೆಯಲ್ಲಿ ಕಂಬಳಿ ಹೊದ್ದು ನಿಂತಿತ್ತು. ದೂರದಿಂದ ಬಂದ ವ್ಯಾಪಾರಿಗಳು ನಮಗಿಂತ ಹೆಚ್ಚಿನ ಹಣವನ್ನು ಹೇಳಿದ್ದರು. ಅವರು ಅದನ್ನು ೨೦೧೯ರ ಶರತ್ಕಾಲದಲ್ಲಿ ನಮಗೆ ಕೊಟ್ಟುದಕ್ಕೆ ಕಾರಣವಿಷ್ಟೆ: “ನಾನು ಇದನ್ನು ಮತ್ತೆ ನೋಡಲಾರೆ; ಆದರೆ ಸದ್ದನ್ನು ಕೇಳಬೇಕೆಂದಿದೆ. ನಿಮ್ಮ ಮನೆ ನನ್ನ ಕಿವಿಗೆ ನಿಲುಕುವಷ್ಟು ಹತ್ತಿರದಲ್ಲಿದೆ.” ಅವರಿಗೆ ಆಗ ಎಂಬತ್ತೆರಡು. ಕೆಲಸಕ್ಕೆ ಅವಧಿಯಿದೆಯೆಂಬುದನ್ನು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ನಮ್ಮ ಮನೆಯವರಿಗೆ ಇದು ಹಿಡಿಸಿತೆಂದು ವಾಚಕರು ತಿಳಿಯಬಾರದು. ಆ ಹಣವನ್ನು ಇಟ್ಟಿದ್ದುದು ಅಡುಗೆಮನೆಯ ದುರಸ್ತಿಗೆ. “ಅಲ್ಲಾಂದ್ರೆ, ಒಲೆ ಮೇಲೆ ಮಾಡು ಸೋರ್ತಾ ಇದೆ, ನೀವು ಇನ್ನೊಂದು ಸೋರೋದನ್ನ ತಂದಿಟ್ರಲ್ಲ!” ಎಂದರು. ಮಾತು ನಿಜವೇ ಆಗಿತ್ತು. ಗಾಡಿಯಿಂದ ಎಣ್ಣೆ, ನೀರು ಎರಡೂ ಸೋರುತ್ತಿದ್ದುವು. ಮಾಡನ್ನು ಆ ಚಳಿಗಾಲದೊಳಗೆ ಹೊದಿಸಿಕೊಡುವುದೆಂದೂ, ಅಲ್ಲಿಯವರೆಗೆ ಗಾಡಿಯ ಒಂದು ತಿರುಪನ್ನೂ ಮುಟ್ಟುವುದಿಲ್ಲವೆಂದೂ ಮಾತುಕೊಟ್ಟೆವು, ಹಾಗೆಯೇ ನಡೆದೆವು. ಮಾರ್ಚಿ ತಿಂಗಳಲ್ಲಿ ಕೊರೋನಾ ಬಂದು ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಔಷಧದಂಗಡಿಯ ಕೆಲಸವಂತೂ ನಿಲ್ಲಲಿಲ್ಲ. ಆದರೆ ಸಂಜೆಗಳು ದೀರ್ಘವಾದುವು.

ಬಿಚ್ಚುವುದಕ್ಕೆ ತೊಡಗಿದಾಗ ನಮಗೆ ಕಂಡುದು ಗಾಡಿಗಿಂತ ಹೆಚ್ಚಾಗಿ ಅದನ್ನು ಜೋಡಿಸಿದ ಕೈ. ಕಾರ್ಖಾನೆಯ ಗಾಡಿಯೊಂದು ಇನ್ನೊಂದರಂತೆಯೇ ಇರುತ್ತದೆ. ಮನೆಯಲ್ಲಿ ಜೋಡಿಸಿದುದು ಕೈಬರಹದಂತೆ. ಲೋಹದ ಪಟ್ಟಿಯ ಬದಲು ಒಂದೆಡೆ ತೊಗಲಿನ ಚೂರು. ಎಡಗಡೆಯ ಪ್ರತಿಯೊಂದು ನಟ್ಟಿಗೂ ಎರಡೆರಡು ವಾಷರು. ತಾವೇ ಲೇತಿನಲ್ಲಿ ಕಡೆದ ಹಿತ್ತಾಳೆಯ ಒಂದು ಬಿರಟೆ, ಅದಕ್ಕೆ ಆಭರಣದ ಹೊಳಪು. ಅಳತೆಯ ಗಡಿಯಾರಗಳ ಹಲಗೆಯನ್ನು ತೆಗೆದಾಗ ಅದರ ಹಿಂದಿನ ಒರಟು ಮೈಯಲ್ಲಿ ಪೆನ್ಸಿಲಿನಿಂದ ೧೯೭೦ನೆಯ ಮಾರ್ಚ್ ೨೭, ಗುಡ್ ಫ್ರೈಡೆ, ಎಂದು ಬರೆದಿತ್ತು. ಕೆಳಗೆ ಎರಡು ಹೆಸರುಗಳ ಮೊದಲಕ್ಷರ. ಎರಡನೆಯದು ಯಾರದೆಂದು ಕೇಳಿದೆವು. “ನನ್ನ ಹೆಂಡತಿಯದು. ಬೋಲ್ಟುಗಳನ್ನು ಆಕೆ ಕೈಗೆ ಕೊಡುತ್ತಿದ್ದಳು. ವಾಷರುಗಳೂ ಆಕೆಯವೇ, ಒಂದನ್ನು ನಂಬುತ್ತಿರಲಿಲ್ಲ” ಎಂದರು. ನಮ್ಮ ಮನೆಯವರು ಆ ದಿನ ಮೊದಲ ಬಾರಿಗೆ ಕೊಟ್ಟಿಗೆಯೊಳಕ್ಕೆ ಬಂದು ಆ ಬರಹವನ್ನು ನೋಡಿ ಹೋದರು.

ಒಡಲು ಫೈಬರ್‌ಗ್ಲಾಸಿನದು, ಅಂದರೆ ಗಾಜಿನ ನಾರನ್ನು ರಾಳದಲ್ಲಿ ನೆನೆಸಿ ಅಚ್ಚಿನಲ್ಲಿ ಒತ್ತಿ ಗಟ್ಟಿಮಾಡಿದುದು. ತುಕ್ಕೆಂಬುದು ಇದಕ್ಕಿಲ್ಲ. ಆದರೆ ವಯಸ್ಸಾದ ಹಾಗೆಲ್ಲ ಪಿಂಗಾಣಿಯ ಬಟ್ಟಲಿನಂತೆ ನಕ್ಷತ್ರಾಕಾರದ ಬಿರುಕುಗಳು ಏಳುತ್ತವೆ; ಮೇಲೆ ಬಣ್ಣ ಬಳಿದರೆ ಬಿರುಕು ಆರು ತಿಂಗಳಲ್ಲಿ ಮತ್ತೆ ಮೇಲೆ ಬರುತ್ತದೆ. ಬಿರುಕಿನ ಬುಡದವರೆಗೂ ಉಜ್ಜಿ ತೆಗೆದು, ಗಾಜುನಾರಿನ ತುಂಡನ್ನು ಇರಿಸಿ, ರಾಳವನ್ನು ಹಚ್ಚಿ, ಒಂದು ಗುಳ್ಳೆಯೂ ಉಳಿಯದಂತೆ ಸಣ್ಣ ಉರುಳೆಯಿಂದ ಒತ್ತಬೇಕು. ರಾಳಕ್ಕೆ ಬೆರೆಸುವ ಗಟ್ಟಿಕಾರಕವು ನೂರಕ್ಕೆ ಒಂದೆರಡು ಪಾಲು ಮಾತ್ರ. ಹೆಚ್ಚಾದರೆ ಬಟ್ಟಲಿನಲ್ಲಿಯೇ ಕಾದು ಕಲ್ಲಾಗುತ್ತದೆ, ಕಡಮೆಯಾದರೆ ವಾರವಾದರೂ ಅಂಟು ಬಿಡದು. ತೂಗುವುದು ನಮ್ಮ ಕಸುಬೇ ಆದುದರಿಂದ ಅದು ನಮ್ಮ ಪಾಲಿಗೆ ಬಂದಿತು. ಒತ್ತುವ ಕೆಲಸವನ್ನು ನಮ್ಮ ಮನೆಯವರು ನಮ್ಮ ಕೈಯಿಂದ ಕಿತ್ತುಕೊಂಡರು. “ಹಪ್ಪಳ ಒತ್ತಿ ಗೊತ್ತಿದ್ರೆ ತಾನೆ ನಿಮಗೆ?” ಎಂದು ಮೂಗಿಗೆ ಮುಸುಕು, ಕೈಗೆ ಚೀಲ ಹಾಕಿಕೊಂಡು, ಒಂದು ಬೇಸಗೆಯಲ್ಲಿ ಇಪ್ಪತ್ತೆರಡು ಬಿರುಕುಗಳನ್ನು ಮುಚ್ಚಿದರು. ಎಲ್ಲಿ ಬಿರುಕಿತ್ತೆಂಬುದು ಇಂದು ನಮಗೇ ಗೊತ್ತಾಗುವುದಿಲ್ಲ.

ಇಲ್ಲಿ ಒಂದು ಉಪಯುಕ್ತವಾದ ಸಂಗತಿಯನ್ನು ಹೇಳಬೇಕು. ಕಬ್ಬಿಣದ ಒಡಲಿನ ಗಾಡಿಯಲ್ಲಿ ವಿದ್ಯುತ್ತು ವಯರಿನ ಮೂಲಕ ದೀಪಕ್ಕೆ ಹೋಗಿ ಒಡಲಿನ ಮೂಲಕವೇ ಬ್ಯಾಟರಿಗೆ ಹಿಂದಿರುಗುತ್ತದೆ. ಗಾಜುನಾರಿನಲ್ಲಿ ವಿದ್ಯುತ್ತು ಹರಿಯದು. ಆದುದರಿಂದ ಪ್ರತಿಯೊಂದು ದೀಪಕ್ಕೂ ಹಿಂದಿರುಗುವ ವಯರು ಬೇರೆ ಬೇಕು. ಹಳೆಯ ಫೈಬರ್‌ಗ್ಲಾಸ್ ಗಾಡಿಗಳಲ್ಲಿ ದೀಪವು ಮಿಣಕುವುದು, ಬಲಕ್ಕೆ ಸೂಚನೆ ಕೊಟ್ಟರೆ ಹಿಂದಿನ ಕೆಂಪು ದೀಪವೂ ಕಣ್ಣು ಹೊಡೆಯುವುದು, ಇಂತಹ ಭೂತಚೇಷ್ಟೆಗಳಲ್ಲಿ ಬಹುಪಾಲು ಈ ಹಿಂದಿರುಗುವ ವಯರಿನ ತುದಿ ಕಿಲುಬು ಹಿಡಿದುದರಿಂದ. ಬಲ್ಬು ಬದಲಾಯಿಸುವವರು ಮೊದಲು ಆ ತುದಿಯನ್ನು ಉಜ್ಜಿ ನೋಡುವುದು ಲೇಸು.

ಮುಂದಿನ ಗಾಲಿಗಳನ್ನು ಬಿಚ್ಚಿದ ದಿನ ನಮಗೆ ಮೈಸೂರಿನ ನೆನಪಾಯಿತು. ಯೂರೋಪಾದ ಮುಂಗಾಲಿಯನ್ನು ಹೊತ್ತ ನಿಲುವು ಕಂಬಿಯನ್ನು ಲೋಟಸಿನವರು ಟ್ರಯಂಫ್ ಕಂಪೆನಿಯ ಹೆರಾಲ್ಡ್ ಮನೆತನದ ಗಾಡಿಗಳಿಂದ ತೆಗೆದುಕೊಂಡಿದ್ದರು. ಆ ಹೆರಾಲ್ಡ್ ಗಾಡಿಯೇ ೧೯೬೧ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಿಂದ ತಯಾರಾಗಿ ನಮ್ಮ ಬೀದಿಗಳಲ್ಲಿ ಓಡಾಡಿತು. ನಮ್ಮ ತಂದೆಯವರಲ್ಲಿಯೂ ಒಂದಿದ್ದಿತು. ಕಂಬಿಯ ಬುಡವು ತಿರುಪಿನಂತಿದ್ದು ಕಂಚಿನ ಒಂದು ಕುಣಿಕೆಯೊಳಗೆ ತಿರುಗುತ್ತದೆ; ಚಾಲಕನು ಚಕ್ರವನ್ನು ತಿರುಗಿಸಿದಾಗಲೆಲ್ಲ ಆ ತಿರುಪೇ ತಿರುಗುವುದು. ಅದಕ್ಕೆ ದಪ್ಪವಾದ ಎಣ್ಣೆಯನ್ನು ಹಾಕಬೇಕು, ಗ್ರೀಸನ್ನಲ್ಲ. ಗ್ರೀಸು ಒಳಗೆ ಗಟ್ಟಿಯಾಗಿ ಎಣ್ಣೆಯ ದಾರಿಯನ್ನೇ ಮುಚ್ಚುತ್ತದೆ. ನೀರು ಸೇರಿ ತುಕ್ಕು ಕಚ್ಚಿ ಒಂದು ದಿನ ಕಂಬಿಯು ಮುರಿಯುತ್ತದೆ, ಗಾಲಿಯು ಒರಗಿಬೀಳುತ್ತದೆ. ತಂದೆಯವರ ಗಾಡಿಯನ್ನು ನೋಡಿಕೊಳ್ಳುತ್ತಿದ್ದ ಮಿಸ್ತ್ರಿ ಸಾಹೇಬರು ಎಣ್ಣೆಯ ಪಿಚಕಾರಿಯನ್ನು ಹಿಡಿದು ಬಗ್ಗಿದಾಗಲೆಲ್ಲ, “ಇದು ಗ್ರೀಸ್ ತಿನ್ನೋ ಜಾತಿ ಅಲ್ಲ ಸ್ವಾಮೀ, ಎಣ್ಣೆ ಕುಡಿಯೋ ಜಾತಿ” ಎಂದು ನಮಗೆ, ಆಗ ಬಾಲಕರಾಗಿದ್ದವರಿಗೆ, ಪಾಠ ಹೇಳುತ್ತಿದ್ದರು. ನಾರ್ಫೋಕಿನ ಗಾಡಿಯನ್ನು ಎಂಬತ್ತರ ದಶಕದಲ್ಲಿ ಯಾವುದೋ ಕಾರ್ಯಾಗಾರದವರು ನೋಡಿಕೊಂಡಿದ್ದರಂತೆ. ಎರಡು ಕುಣಿಕೆಗಳಲ್ಲಿಯೂ ಗ್ರೀಸು ಒಣಗಿ ಮೇಣವಾಗಿತ್ತು. ಬಲಗಡೆಯ ಕಂಬಿಯಲ್ಲಿ ಕೂದಲಿನಂತಹ ಒಂದು ಗೀಟು. ಅದನ್ನು ವೃದ್ಧರ ಬೆರಳಿಗೆ ಕೊಟ್ಟೆವು. ಉಗುರಿನಿಂದ ಎರಡು ಬಾರಿ ತಡವಿ, “ಇದು ಬಿರುಕು” ಎಂದು ಕೆಳಗಿಟ್ಟರು. ಎರಡನ್ನೂ ಹೊಸದಾಗಿ ತರಿಸಿದೆವು.

ಎಂಜಿನಿನ ಕಥೆಯನ್ನು ಹೆಚ್ಚು ಬೆಳೆಸುವುದಿಲ್ಲ. ಅದು ಅಲ್ಯೂಮಿನಿಯಮ್ಮಿನದು, ಅದರೊಳಗೆ ನಾಲ್ಕು ಎರಕದ ಕಬ್ಬಿಣದ ಕೊಳವೆಗಳು ತೊಟ್ಟಿಯಲ್ಲಿ ನಿಲ್ಲಿಸಿದಂತೆ ಸುತ್ತಲೂ ನೀರು ಹರಿಯುವ ಹಾಗೆ ನಿಂತಿರುತ್ತವೆ, ಬುಡದಲ್ಲಿ ತೆಳುವಾದ ಉಂಗುರವೊಂದು ನೀರನ್ನು ತಡೆಯುತ್ತದೆ. ಮೇಲಿನ ತಲೆಯನ್ನು ತೆಗೆದಮೇಲೆ ಕೊಳವೆಗಳನ್ನು ಪಟ್ಟಿಯಿಂದ ಅದುಮಿ ಹಿಡಿಯದೆ ಎಂಜಿನನ್ನು ತಿರುಗಿಸಿದರೆ ಅವು ಮೇಲೆದ್ದು ಉಂಗುರವು ಕೆಡುತ್ತದೆ. ತಲೆಯನ್ನು ಎತ್ತುವ ಹಿಂದಿನ ದಿನವೇ ವೃದ್ಧರು ಕೋಲೂರಿಕೊಂಡು ಬಂದು, ಆರಡಿ ದೂರದಲ್ಲಿ ಕುರ್ಚಿ ಹಾಕಿಸಿಕೊಂಡು, ಇದನ್ನು ಮೂರು ಬಾರಿ ಹೇಳಿದರು. ಮೂರನೆಯ ಬಾರಿ ನಮ್ಮ ಬಾಯಿಂದಲೂ ಹೇಳಿಸಿದರು.

ಇಷ್ಟೆಲ್ಲವೂ ನಡೆದು ೨೦೨೧ ಮುಗಿಯುವ ವೇಳೆಗೆ ನಾವು ಚಾಸಿಯ ಬಳಿಗೆ ಬಂದೆವು. ಮನೆಯಲ್ಲಿ ನಿಜವಾದ ವಾದ ಹುಟ್ಟಿದುದು ಅಲ್ಲಿ.

ಯೂರೋಪಾಕ್ಕೆ ಬೆನ್ನುಮೂಳೆಯೊಂದೇ ಆಧಾರ. ತೆಳುವಾದ ಉಕ್ಕಿನ ತಗಡನ್ನು ಪೆಟ್ಟಿಗೆಯಂತೆ ಮಡಚಿ ಬೆಸೆದ ಒಂದು ತೊಲೆ ಇಬ್ಬರ ನಡುವೆ ಹಾಯ್ದುಹೋಗಿ, ಹಿಂದೆ ಕವಲೊಡೆದು ಎಂಜಿನನ್ನು ತಬ್ಬಿಕೊಳ್ಳುತ್ತದೆ. ಮುಂದೆ ಒಂದು ಅಡ್ಡಪೆಟ್ಟಿಗೆಯಲ್ಲಿ ಮುಗಿಯುತ್ತದೆ. ಮುಂಗಾಲಿಗಳು ನಿಂತಿರುವುದು ಆ ಅಡ್ಡಪೆಟ್ಟಿಗೆಯ ಮೇಲೆ. ಮೂವತ್ತು ವರ್ಷ ಹಸಿ ನೆಲದ ಕೊಟ್ಟಿಗೆಯಲ್ಲಿ ನಿಂತ ಗಾಡಿಗೆ ಒಳಗೆ ತೇವ ಸೇರದೆ ಇರುತ್ತದೆಯೆ? ಹೊರಗಿನಿಂದ ಕಪ್ಪು ಬಣ್ಣ ನೆಟ್ಟಗಿತ್ತು. ಚೂಪಾದ ಸುತ್ತಿಗೆಯಿಂದ ತಟ್ಟುತ್ತ ಹೋದಾಗ ಒಂದೆಡೆ ಠಣ್ ಎನ್ನುವುದರ ಬದಲು ಡಬ್ ಎಂದಿತು. ಮುಂದಿನ ಏಟಿಗೆ ತೂತು ಬಿದ್ದಿತು. ಅದರ ಪಕ್ಕದಲ್ಲಿಯೇ ೧೯೮೩ರಲ್ಲಿ ವೃದ್ಧರು ತಮ್ಮ ಕೈಯಿಂದ ಬೆಸೆದಿದ್ದ ಅಂಗೈಯಗಲದ ತೇಪೆ ಇದ್ದಿತು. ಬೆಸುಗೆಯು ಒಂದೇ ಸಮನಾಗಿ, ಹೆಣೆದ ಜಡೆಯಂತೆ ಇದ್ದಿತು. ಅದು ಸ್ವಲ್ಪವೂ ಕೆಟ್ಟಿರಲಿಲ್ಲ. ಕೆಟ್ಟಿದ್ದುದು ಅದರ ಸುತ್ತಲಿನ ತಗಡು.

ಎರಡು ದಾರಿಗಳಿದ್ದುವು. ಕೊಳೆತುದನ್ನು ಕತ್ತರಿಸಿ ಹೊಸ ತಗಡನ್ನು ಬೆಸೆದು ಮೂಲದ ಚಾಸಿಯನ್ನೇ ಉಳಿಸಿಕೊಳ್ಳುವುದು; ಇಲ್ಲವೇ, ಅದೇ ಅಳತೆಗೆ ಮಾಡಿ ಸತುವಿನ ಲೇಪ ಕೊಟ್ಟ ಹೊಸ ಚಾಸಿಯನ್ನು ಕೊಳ್ಳುವುದು. ನಮ್ಮ ಮನಸ್ಸು ಮೊದಲನೆಯದರ ಕಡೆಗಿತ್ತು. ಅದಕ್ಕೆ ಕಾರಣಗಳೂ ಇದ್ದುವು. ಹಣ ಉಳಿಯುತ್ತಿತ್ತು. ಅದಲ್ಲದೆ ಎಂಜಿನು ರೆನೋವಿನದು, ಗಾಲಿಯ ಕಂಬಿ ಟ್ರಯಂಫಿನದು; ಬೆನ್ನುಮೂಳೆಯೂ ಹೊಸದಾದರೆ ೧೯೭೦ರ ಗಾಡಿಯೆಂದು ಯಾವುದನ್ನು ತೋರಿಸುವುದು? ಆ ಇಬ್ಬರು ಗುಡ್ ಫ್ರೈಡೆಯಂದು ಕೂಡಿಸಿದುದನ್ನು ಎಸೆದು, ಅವರ ಹೆಸರನ್ನು ಮಾತ್ರ ಇಟ್ಟುಕೊಳ್ಳುವುದು ಯಾವ ನ್ಯಾಯ? ನಮ್ಮ ಮನೆಯವರ ವಾದದಲ್ಲಿ ಒಂದೇ ಮಾತಿದ್ದಿತು. “ಇದರಲ್ಲಿ ನಾಳೆ ಮಗು ಕೂತ್ಕೊಳ್ತಾಳೆ.” ನಮ್ಮ ಮಗಳಿಗೆ ಆಗ ಹತ್ತೊಂಬತ್ತು, ಗಾಡಿ ಬಿಡುವ ಪರೀಕ್ಷೆಯಲ್ಲಿ ಆಗತಾನೆ ತೇರ್ಗಡೆಯಾಗಿದ್ದಳು.

ವಾದವು ಸಂಕ್ರಾಂತಿಯವರೆಗೂ ನಡೆಯಿತು. ನುರಿತ ಬೆಸುಗೆಯವರನ್ನು ಕರೆತಂದು ತೋರಿಸಿದೆವು. ಆಗುತ್ತದೆಂದರು, ಆದರೆ ಒಳಗಿನ ಮೈ ಎಷ್ಟು ದೂರ ಹೋಗಿದೆಯೆಂದು ತೆರೆದ ಹೊರತು ಹೇಳಲಾಗದೆಂದರು. ಕೊನೆಗೆ ನಮ್ಮ ಮನೆಯವರು ಒಂದು ಡಬ್ಬಿಯಲ್ಲಿ ಎಳ್ಳುಬೆಲ್ಲವನ್ನು ತೆಗೆದುಕೊಂಡು ಬೀದಿಯ ಕೊನೆಯ ಮನೆಗೆ ನೇರವಾಗಿ ಹೋದರು, ನಾವು ಹಿಂಬಾಲಿಸಿದೆವು. ಕುಶಲಪ್ರಶ್ನೆಯಾದ ಮೇಲೆ, “ನಿಮ್ಮ ತೇಪೆಯ ಪಕ್ಕದಲ್ಲಿ ತಗಡು ಹೋಗಿದೆ. ಇನ್ನೊಂದು ತೇಪೆ ಹಾಕಿದರೆ ನೀವು ನಿಮ್ಮ ಹೆಂಡತಿಯನ್ನು ಅದರಲ್ಲಿ ಕೂರಿಸುತ್ತಿದ್ದಿರಾ?” ಎಂದು ಕೇಳಿದರು. ವೃದ್ಧರು ಬಹಳ ಹೊತ್ತು ಮಾತನಾಡಲಿಲ್ಲ. “ಒಂದು ತೇಪೆಯವರೆಗೆ ಕೂರಿಸಿದೆ,” ಎಂದರು. “ಎರಡಕ್ಕೆ ಕೂರಿಸುತ್ತಿರಲಿಲ್ಲ. ತೆಗೆದುಹಾಕಿ.”

ಮೂಲವನ್ನು ಉಳಿಸಬೇಕೆಂಬ ನಮ್ಮ ವಾದವು ಪೂರ್ತಿ ಸುಳ್ಳೆಂದು ನಾವು ಇಂದಿಗೂ ಒಪ್ಪುವುದಿಲ್ಲ. ಪ್ರದರ್ಶನಶಾಲೆಯಲ್ಲಿ ನಿಲ್ಲಿಸುವ ಗಾಡಿಗೆ ಅದೇ ಸರಿ. ಆದರೆ ಅಂದು ಅದನ್ನು ಮತ್ತೆ ಎತ್ತಲಿಲ್ಲ.

ಎರಡನೆಯ ಮಾದರಿಯಲ್ಲಿ ಒಡಲನ್ನು ಚಾಸಿಗೆ ಬೋಲ್ಟುಗಳಿಂದ ಬಿಗಿದಿರುವುದು ನಮ್ಮ ಪುಣ್ಯ. ಮೊದಲನೆಯದರಲ್ಲಿ ಎರಡನ್ನೂ ಅಂಟಿಸಿಯೇ ಬಿಟ್ಟಿದ್ದರು. ೨೦೨೨ರ ಯುಗಾದಿ ಏಪ್ರಿಲ್ ೨, ಶನಿವಾರ ಬಂದಿತು. ಸುತ್ತಲಿನ ಕನ್ನಡದವರು ನಾಲ್ಕು ಸಂಸಾರ ಊಟಕ್ಕೆ ಬಂದಿದ್ದರು. ಬೇವುಬೆಲ್ಲ, ಹೋಳಿಗೆ, ಮಾವಿನಕಾಯಿ ಚಿತ್ರಾನ್ನ ಎಲ್ಲವೂ ಆದಮೇಲೆ, ಇನ್ನು ಎಲೆಯಡಿಕೆ ಎನ್ನುವಾಗ, ಗಂಡಸರು ಹೆಂಗಸರೆನ್ನದೆ ಎಂಟು ಮಂದಿಯನ್ನು ಕೊಟ್ಟಿಗೆಗೆ ಕರೆದೊಯ್ದೆವು. ದೇವರ ಅಡ್ಡೆಯನ್ನು ಎತ್ತುವವರಂತೆ ಎಲ್ಲರೂ ಒಮ್ಮೆಗೇ ಉಸಿರುಹಿಡಿದು ಎತ್ತಿದರು; ಒಡಲು ಇಷ್ಟು ಹಗುರವೆಂದು ಎಣಿಸದಿದ್ದುದರಿಂದ ಮುಂದಿದ್ದವರು ಬೇಕಾದುದಕ್ಕಿಂತ ಮೇಲಕ್ಕೆ ಎತ್ತಿ ಎಲ್ಲರೂ ನಕ್ಕುಬಿಟ್ಟರು. ಹಳೆಯ ಚಾಸಿಯನ್ನು ಗುಜರಿಗೆ ಕೊಡಲು ನಮಗೆ ಮನಸ್ಸಾಗಲಿಲ್ಲ. ಹಿತ್ತಲ ಗೋಡೆಗೆ ಅದನ್ನು ಒರಗಿಸಿದೆವು. ನಮ್ಮ ಮನೆಯವರು ಅದರ ಬುಡದಲ್ಲಿ ಹುರುಳಿಕಾಯಿ ಬಳ್ಳಿಯನ್ನು ನಟ್ಟರು. ಎಂಜಿನನ್ನು ತಬ್ಬಿಕೊಳ್ಳುತ್ತಿದ್ದ ಎರಡು ಕವಲುಗಳ ಮೇಲೆ ಬಳ್ಳಿಯು ಚೆನ್ನಾಗಿ ಹಬ್ಬಿತು.

ಹೊಸ ಬೆನ್ನುಮೂಳೆಯ ಮೇಲೆ ಎಲ್ಲವನ್ನೂ ಮತ್ತೆ ಕೂಡಿಸಲು ಒಂದೂವರೆ ವರ್ಷ ಹಿಡಿಯಿತು. ಪೆಟ್ರೋಲಿನ ನಳಿಕೆಗಳ ಮಾತನ್ನು ಮಾತ್ರ ಹೇಳುತ್ತೇವೆ. ಬ್ರಿಟನ್ನಿನಲ್ಲಿ ೨೦೨೧ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತರವರೆಗೆ ಎಥನಾಲು ಬೆರೆಯುತ್ತಿದೆ. ನಮ್ಮ ದೇಶದಲ್ಲಿಯೂ ಇಂತಹ ಬೆರಕೆ ಬಂದಿರುವುದು ವಾಚಕರಿಗೆ ಗೊತ್ತಿದೆ. ಹಳೆಯ ರಬ್ಬರನ್ನು ಅದು ಮೆತ್ತಗಾಗಿಸಿ ಬಿರಿಯಿಸುತ್ತದೆ. ಕುಳಿತವರ ಬೆನ್ನಹಿಂದೆಯೇ ಕಾದ ಎಂಜಿನು, ಅದರ ಮೇಲೆ ಪೆಟ್ರೋಲಿನ ಹನಿ, ಸುತ್ತಲೂ ಉರಿಯುವ ರಾಳದ ಒಡಲು. ಇದಕ್ಕಿಂತ ಕೆಟ್ಟ ಕೂಟವಿಲ್ಲ. ಹಳೆಯ ನಳಿಕೆಗಳು ನೋಡುವುದಕ್ಕೆ ಗಟ್ಟಿಯಾಗಿದ್ದರೂ ಒಂದನ್ನೂ ಉಳಿಸದೆ, ಎಥನಾಲನ್ನು ತಡೆಯುವ ಹೊಸವನ್ನು ಹಾಕಿದೆವು. ಬೆಂಕಿ ನಂದಿಸುವ ಸಣ್ಣ ಉರುಳೆಯೊಂದನ್ನು ಕೈಗೆಟುಕುವಂತೆ ಇರಿಸಿದೆವು. ನಲವತ್ತು ವರ್ಷ ಮೀರಿ ಹೆಚ್ಚು ಮಾರ್ಪಾಡಾಗದ ಗಾಡಿಗಳಿಗೆ ಇಲ್ಲಿ ೨೦೧೮ರಿಂದ ವಾರ್ಷಿಕ ಪರೀಕ್ಷೆಯು ಕಡ್ಡಾಯವಲ್ಲ. ಆದರೂ ೨೦೨೩ರ ಸೆಪ್ಟೆಂಬರಿನಲ್ಲಿ ನಾವಾಗಿಯೇ ಹಣಕೊಟ್ಟು ಪರೀಕ್ಷೆ ಮಾಡಿಸಿದೆವು. ಕಾನೂನು ಕೇಳದಿರಬಹುದು, ನಮ್ಮ ಮನೆಯವರು ಕಾಗದವನ್ನು ಕೇಳಿದರು. ಅದನ್ನು ಓದಿ ಮಡಚಿ ಪಾಸ್‌ಪೋರ್ಟುಗಳ ಜೊತೆಯಲ್ಲಿ ಇಟ್ಟರು.

ಮುಂದಿನ ತಿಂಗಳ ಒಂದು ಭಾನುವಾರ ವೃದ್ಧರನ್ನು ಗಾಲಿಕುರ್ಚಿಯಲ್ಲಿ ಕರೆತಂದೆವು. ಈ ಗಾಡಿಯೊಳಗೆ ಕೂರುವುದೆಂದರೆ ಒಂದು ಕಾಲನ್ನು ಒಳಗಿಟ್ಟು ಬೆನ್ನಮೇಲೆ ಜಾರಿದಂತೆ ಜಾರಬೇಕು. ಅವರ ಮಂಡಿಗಳಿಗೆ ಅದು ಸಾಧ್ಯವಿರಲಿಲ್ಲ. ಹಿತ್ತಲಿನ ಹುರುಳಿಬಳ್ಳಿಯ ಬಳಿ ಕುರ್ಚಿಯನ್ನು ನಿಲ್ಲಿಸಿದೆವು. ಅವರು ಕೈಚಾಚಿ ಎಲೆಗಳ ನಡುವೆ ಉಕ್ಕನ್ನು ಮುಟ್ಟಿದರು. ಬೆರಳುಗಳು ತೇಪೆಯನ್ನು ಹುಡುಕಿಕೊಂಡುವು. ಏನನ್ನೂ ಹೇಳಲಿಲ್ಲ.

ಮಗಳು ಒಳಗೆ ಕುಳಿತು ಕೀಲಿಯನ್ನು ತಿರುಗಿಸಿದಳು. ಎಂಜಿನು ಎರಡು ಬಾರಿ ಕೆಮ್ಮಿ ಹತ್ತಿಕೊಂಡಿತು. ಕೆಲವು ನಿಮಿಷ ಕಾಯಿಸಿದಮೇಲೆ ಸದ್ದು ಸಮನಾಯಿತು. ವೃದ್ಧರು ತಲೆಯನ್ನು ಒಂದು ಪಕ್ಕಕ್ಕೆ ಓರೆಮಾಡಿ ಕೇಳುತ್ತಿದ್ದರು. ನಾವು ಅವರ ಮುಖವನ್ನೇ ನೋಡುತ್ತಿದ್ದೆವು. ನಮ್ಮ ಮನೆಯವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

“ಒಂದು ವಾಲ್ವು ಸಡಿಲವಾಗಿದೆ,” ಎಂದರು ವೃದ್ಧರು. “ಹಿಂದಿನಿಂದ ಎರಡನೆಯ ಸಿಲಿಂಡರಿನದು. ಟಿಕ್ ಎನ್ನುತ್ತಿದೆ, ಕೇಳಿಸುವುದಿಲ್ಲವೆ?”

ನಮಗೆ ಕೇಳಿಸಲಿಲ್ಲ. ನಮ್ಮ ಮನೆಯವರು ಮಾತ್ರ ಹೌದೆಂದು ತಲೆಯಾಡಿಸಿ, ಅವರಿಗೆ ಅದು ಕಾಣಿಸದೆಂಬುದು ನೆನಪಾಗಿ, ಬಾಯಿಬಿಟ್ಟು ಹೌದೆಂದರು. ಆಮೇಲೆ ನಮ್ಮ ಕಡೆಗೆ ನೋಡದೆ ಗಾಡಿಯ ಇನ್ನೊಂದು ಪಕ್ಕಕ್ಕೆ ಹೋಗಿ, ಸೀರೆಯನ್ನು ಒಗ್ಗೂಡಿಸಿಕೊಂಡು, ಮಗಳ ಪಕ್ಕದಲ್ಲಿ ಇಳಿದು ಕುಳಿತರು. ಗಾಡಿಯು ಓಣಿಯಿಂದ ಹೊರಟು ಚರ್ಚಿನ ಕಡೆಗೆ ತಿರುಗಿತು. ಕಣ್ಣಿಗೆ ಮರೆಯಾದ ಮೇಲೂ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ವೃದ್ಧರು ಗೇರು ಬದಲಾಯಿಸಿದಾಗಲೆಲ್ಲ ಒಂದೊಂದು ಬೆರಳನ್ನು ಮಡಚುತ್ತಿದ್ದರು.

“ಮೂರನೆಯದಕ್ಕೆ ಸ್ವಲ್ಪ ಬೇಗ ಹಾಕಿದಳು,” ಎಂದರು.

ಆ ಸಂಜೆ ಎಂಜಿನು ತಣಿದಮೇಲೆ ಮುಚ್ಚಳವನ್ನು ತೆಗೆದು ತೆಳುಪಟ್ಟಿಯಿಂದ ವಾಲ್ವುಗಳ ಅಂತರವನ್ನು ಅಳೆದೆವು. ಅವರು ಹೇಳಿದ ಕಡೆಯಲ್ಲಿಯೇ ಕೂದಲೆಳೆಯಷ್ಟು ಸಡಿಲವಿದ್ದಿತು. ಬಿಗಿದು ಮುಚ್ಚಳವನ್ನು ಹಾಕಿದೆವು.